ಅರ್ಧ ತಿಂದ ಬರ್ಗರನ್ನು ಅವರ ಕೈಗೆ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಬರ್ಗರ್ ಅಂಗಡಿಯಲ್ಲಿ ಸಸ್ಯಾಹಾರಕ್ಕೆ ಹೇಳಿ ಮಾಂಸ ಬಂದರೆ, ಅದು ಅರ್ಧ ತಿಂದದ್ದಾಗಿರಲಿ, ಒಂದೇ ತುತ್ತು ಕಚ್ಚಿದ್ದಾಗಿರಲಿ, ಅದನ್ನು ಅವರ ಕೈಗೆ ಕೊಡಬೇಡಿ. ನಾನು ಕೊಟ್ಟೆ. ಕೊಟ್ಟು ಕೆಟ್ಟೆ.

ಕಳೆದ ತಿಂಗಳು ತಿಪಟೂರಿನಿಂದ ಅಮ್ಮ ಬಂದಿದ್ದರು. ಭಾನುವಾರ ಸಂಜೆ ಮಗನ ಹಟಕ್ಕೆ ಎಲ್ಲರೂ ಬೆಂಗಳೂರಿನ ಒಂದು ಮಾಲ್‌ಗೆ ಹೋದೆವು. ಅಲ್ಲಿ ಎಲ್ಲರಿಗೂ ಗೊತ್ತಿರುವ ಬರ್ಗರ್ ಅಂಗಡಿ. ದೂರು ಇನ್ನೂ ನಡೆಯುತ್ತಿರುವುದರಿಂದ ಹೆಸರು ಬರೆಯುತ್ತಿಲ್ಲ. ಅಮ್ಮನಿಗೆ ಎಪ್ಪತ್ತೊಂದು ವರ್ಷ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. "ನೀವು ತಿನ್ನಿ, ನಾನು ಮನೆಗೆ ಹೋಗಿ ಮೊಸರನ್ನ ತಿನ್ನುತ್ತೇನೆ" ಎಂದರು. ನಾನು ಬಿಡಲಿಲ್ಲ. "ಆಲೂಗಡ್ಡೆಯದ್ದಮ್ಮ, ನಮ್ಮ ಬೋಂಡದ ಹಾಗೆಯೇ ಇರುತ್ತದೆ, ಒಂದು ಸಲ ನೋಡು" ಎಂದು ಬಲವಂತ ಮಾಡಿದವಳು ನಾನೇ.

ಟಚ್ ಸ್ಕ್ರೀನ್‌ನಲ್ಲಿ ಒತ್ತಿದ್ದೂ ನಾನೇ, ಹಸಿರು ಚುಕ್ಕಿ ನೋಡಿಯೇ ಒತ್ತಿದ್ದು. ಎರಡು ಆಲೂ ಬರ್ಗರ್, ಯಜಮಾನರಿಗೆ ಪನ್ನೀರಿನದು, ಫ್ರೈಸ್, ಕೋಲಾ, ಜಿಎಸ್‌ಟಿ ಸೇರಿ 612 ರೂಪಾಯಿ. ಟ್ರೇ ಕೊಡುವಾಗ ಅಮ್ಮ ತಾವೇ ಕೇಳಿದರು, "ಇದರಲ್ಲಿ ಮಾಂಸ ಗೀಂಸ ಇಲ್ಲ ತಾನೇನಪ್ಪಾ?" ಆ ಹುಡುಗನಿಗೆ ಕನ್ನಡ ಬಾರದು. "ವೆಜ್, ವೆಜ್" ಎಂದು ತಲೆಯಾಡಿಸಿದ. ಸುತ್ತಿದ್ದ ಕಾಗದದ ಮೇಲೂ ಹಸಿರು ಪಟ್ಟಿಯೇ ಇತ್ತು. ಇನ್ನೇನು ನೋಡಬೇಕಿತ್ತು ನಾವು?

ಎರಡು ತುತ್ತು ತಿಂದು ಅಮ್ಮ, "ಇದೇನು ಪುಟ್ಟಿ, ನಾರುನಾರಾಗಿದೆ" ಎಂದರು. "ಸೋಯಾ ಹಾಕಿರಬಹುದು, ತಿನ್ನಮ್ಮ" ಎಂದೆ. ಹೌದು, ತಿನ್ನು ಎಂದೆ. ಮೂರನೆಯ ತುತ್ತನ್ನು ಅವರು ತಿಂದದ್ದು ನನ್ನ ಮಾತಿಗೆ. ಆಮೇಲೆ ಏಕೋ ಅನುಮಾನ ಬಂದು ಇಸಿದುಕೊಂಡು ಬಿಡಿಸಿ ನೋಡಿದೆ. ಮಗನ ಬರ್ಗರಿನಲ್ಲಿ ಹಳದಿ ಆಲೂಗಡ್ಡೆ, ನಡುವೆ ಹಸಿರು ಬಟಾಣಿ. ಅಮ್ಮನದರಲ್ಲಿ ಬೆಳ್ಳನೆಯ ಎಳೆಗಳು, ಬೆರಳಿನಿಂದ ಎಳೆದರೆ ಉದ್ದಕ್ಕೆ ಸೀಳಿ ಬರುತ್ತಿದ್ದವು. ಕೋಳಿ. ಹೊರಗಿನ ಗರಿಗರಿ ಪದರ ಎರಡಕ್ಕೂ ಒಂದೇ ಬಣ್ಣ. ಮುಚ್ಚಿಟ್ಟರೆ ಯಾರಿಗೂ ಗೊತ್ತಾಗದು. ಅಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಅವರ ಕೈ ಕೊರಳಿನವರೆಗೆ ಹೋಗಿ, ಎಂಜಲು ಕೈ ಎಂದು ಅಲ್ಲೇ ನಿಂತುಬಿಟ್ಟಿತು. ಒಂದು ಮಾತೂ ಆಡದೆ ಎದ್ದು ಬಾಯಿ ತೊಳೆಯಲು ಹೋದರು.

ಕೌಂಟರಿನಲ್ಲಿ ಮೊದಲು ಬಂದ ಉತ್ತರ: "ಬೇರೆ ಕೊಡುತ್ತೇವೆ ಮೇಡಂ." ಹೊಟ್ಟೆಗೆ ಹೋದದ್ದಕ್ಕೆ ಬೇರೆ ಏನು ಕೊಡುತ್ತೀರಿ? ಕೂಗಾಡಿದ ಮೇಲೆ ಮ್ಯಾನೇಜರ್ ಬಂದರು. ಕನ್ನಡದವರೇ. "ಭಾನುವಾರ ಜನ ಜಾಸ್ತಿ ಮೇಡಂ, ಹೀಗಾಗುತ್ತದೆ." ಹೀಗಾಗುತ್ತದೆ! ಸಸ್ಯಾಹಾರಕ್ಕೆ ಬೇರೆ ಎಣ್ಣೆ, ಬೇರೆ ಜಾಗ, ಬೇರೆ ಕೈ ಎಂದು ಗೋಡೆಯ ಮೇಲೆ ಬರೆದುಕೊಂಡವರು ಹೀಗಾಗುತ್ತದೆ ಎನ್ನುತ್ತಾರೆ. ಆಮೇಲೆ ಬಹಳ ಮೆತ್ತಗೆ ಹೇಳಿದರು, "ಅದನ್ನು ಕೊಡಿ ಮೇಡಂ, ಅಡುಗೆಮನೆಯವರಿಗೆ ತೋರಿಸಿ ಕೇಳುತ್ತೇನೆ." ನ್ಯಾಯ ಕೇಳುತ್ತಾರೆ ಎಂದುಕೊಂಡು ಕಾಗದದ ಸಮೇತ ಕೊಟ್ಟೆ. ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಕೈ ನಡುಗುತ್ತಿದ್ದಾಗ ಫೋಟೋ ಯಾರಿಗೆ ನೆನಪಾಗುತ್ತದೆ?

ಇಪ್ಪತ್ತು ನಿಮಿಷ ನಿಂತೆ. ಹೊರಗೆ ಬಂದವರ ಕೈಯಲ್ಲಿ ಏನೂ ಇರಲಿಲ್ಲ. "ಎಸೆದುಬಿಟ್ಟಿದ್ದಾರೆ ಮೇಡಂ, ತಿಂದ ಪದಾರ್ಥ ಇಟ್ಟುಕೊಳ್ಳುವಂತಿಲ್ಲ." ನಾನು ಬಿಲ್ ಹಿಡಿದು ತೋರಿಸಿದೆ. ಅವರು ಅದನ್ನೇ ನೋಡಿ, "ಬಿಲ್ಲಿನಲ್ಲಿ ವೆಜ್ ಎಂದೇ ಇದೆಯಲ್ಲ ಮೇಡಂ, ನಾವು ವೆಜ್ ಅನ್ನೇ ಕೊಟ್ಟಿದ್ದೇವೆ" ಎಂದರು. ಅರ್ಧ ಗಂಟೆಯ ಹಿಂದೆ ಹೀಗಾಗುತ್ತದೆ ಎಂದ ಅದೇ ಬಾಯಿ! ಅವರ ತಪ್ಪನ್ನು ನಾನೇ ಅವರ ಕೈಗಿತ್ತು ಬರಿಗೈಯಲ್ಲಿ ನಿಂತಿದ್ದೇನೆ ಎಂದು ಆಗ ಹೊಳೆಯಿತು. ಸಾಲಿನಲ್ಲಿದ್ದವರೆಲ್ಲ ನಾನು ಪುಕ್ಕಟೆ ಬರ್ಗರಿಗೆ ಜಗಳ ತೆಗೆದಿದ್ದೇನೆ ಎಂಬಂತೆ ನೋಡುತ್ತಿದ್ದರು. ಸಿಸಿಟಿವಿ ಕೇಳಿದರೆ, ಮೇಲಿನವರ ಅನುಮತಿ ಬೇಕಂತೆ.

ಕಂಪನಿಗೆ ಮೇಲ್ ಬರೆದೆ. ಐದು ದಿನದ ಮೇಲೆ, "ಪರಿಶೀಲಿಸಿದ್ದೇವೆ, ಅಂಥ ಲೋಪ ಕಂಡುಬಂದಿಲ್ಲ" ಎಂದು ಉತ್ತರ ಬಂತು. ಜೊತೆಗೆ 250 ರೂಪಾಯಿಯ ಕೂಪನ್, ಅದೂ 499 ರೂಪಾಯಿಗಿಂತ ಹೆಚ್ಚು ಕೊಂಡರೆ ಮಾತ್ರ. ಅಮ್ಮನ ಬಾಯಿಗೆ ಇವರು ಕಟ್ಟಿದ ಬೆಲೆ ಇದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅವರು ಕಂಪನಿಗೆ ಕಳುಹಿಸಿದರು, ಕಂಪನಿ ಅದೇ ಉತ್ತರವನ್ನು ಮತ್ತೆ ಕೊಟ್ಟಿತು. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಕೊಂಡದ್ದು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಘಟನೆ ನಡೆದ ಎರಡು ವರ್ಷದೊಳಗೆ ಹೋಗಬಹುದು. ಹೋಗುತ್ತೇನೆ. ಸಾಕ್ಷಿ ಎಲ್ಲಿ ಎಂದು ಕೇಳಿದರೆ ಏನು ತೋರಿಸಲಿ?

ಆದ್ದರಿಂದ ಕೇಳಿಕೊಳ್ಳುತ್ತೇನೆ, ಮನೆಯ ಹಿರಿಯರನ್ನು ಕರೆದುಕೊಂಡು ಹೋದರೆ ಕಾಗದದ ಬಣ್ಣ ನಂಬಬೇಡಿ, ಟೋಕನ್ ನಂಬಬೇಡಿ, "ವೆಜ್, ವೆಜ್" ಎಂಬ ಮಾತನ್ನಂತೂ ನಂಬಲೇಬೇಡಿ. ನೀವೇ ಮೊದಲು ಮುರಿದು ನೋಡಿ. ಏನಾದರೂ ಸಿಕ್ಕಿದರೆ ಬಿಲ್ ಪಕ್ಕದಲ್ಲಿಟ್ಟು ಫೋಟೋ, ವಿಡಿಯೋ ತೆಗೆಯಿರಿ. ಬಿಲ್ಲಿನಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಕೊಟ್ಟ 14 ಅಂಕಿಯ ಸಂಖ್ಯೆ ಇರಲೇಬೇಕು, ದೂರಿಗೆ ಅದು ಬೇಕಾಗುತ್ತದೆ. ತುಂಡನ್ನು ನಿಮ್ಮ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ಎಷ್ಟೇ ಮೆತ್ತಗೆ ಕೇಳಲಿ, ಕೊಡಬೇಡಿ.

ಅಮ್ಮ ನನ್ನನ್ನು ಬೈಯಲಿಲ್ಲ. ಮರುದಿನ ಬೆಳಿಗ್ಗೆಯೇ ಊರಿಗೆ ಹೊರಟರು. ಮೊನ್ನೆ ಫೋನಿನಲ್ಲಿ ಹಬ್ಬಕ್ಕೆ ಬಾ ಎಂದು ಕರೆದೆ. "ಬರುತ್ತೇನೆ ಪುಟ್ಟಿ, ಬುತ್ತಿ ಕಟ್ಟಿಕೊಂಡೇ ಬರುತ್ತೇನೆ" ಎಂದರು.