ಟ್ರಸ್ಟ್ ಇದೆ, ಮನೆ ಅದರೊಳಗಿಲ್ಲ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಒಂದು ಎಚ್ಚರಿಕೆ

ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ ಇದೆಯೇ? ಬದುಕಿರುವಾಗಲೇ ಆಸ್ತಿಯನ್ನು ಅದರ ಹೆಸರಿಗೆ ಬರೆದು, ಮುಂದೆ ನ್ಯಾಯಾಲಯದ ಗೊಡವೆಯಿಲ್ಲದೆ ಮಕ್ಕಳಿಗೆ ಸೇರುವಂತೆ ಮಾಡುವ ಲಿವಿಂಗ್ ಟ್ರಸ್ಟ್ ಮಾಡಿಸಿದ್ದೀರಾ? ಅದಾದ ಮೇಲೆ, 2020–21ರಲ್ಲಿ ಬಡ್ಡಿ ನೆಲಕಚ್ಚಿದಾಗ, ಮನೆ ಸಾಲವನ್ನು ರಿಫೈನಾನ್ಸ್ ಮಾಡಿಸಿಕೊಂಡಿರಾ, ಅಂದರೆ ಹಳೆಯ ಸಾಲದ ಬದಲು ಹೊಸ ಸಾಲ ತೆಗೆದುಕೊಂಡಿರಾ? ಮೂರಕ್ಕೂ ಹೌದು ಎನ್ನುವವರು ದಯವಿಟ್ಟು ಮನೆಯ ಡೀಡ್ (ಮಾಲೀಕತ್ವದ ಪತ್ರ) ತೆಗೆದು, ಮಾಲೀಕರೆಂದು ಅದರಲ್ಲಿ ಯಾರ ಹೆಸರಿದೆ ಎಂದು ನೋಡಿ. ಟ್ರಸ್ಟಿನ ದಪ್ಪ ಕಡತವನ್ನಲ್ಲ, ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಾಗಿರುವ ಕೊನೆಯ ಡೀಡನ್ನು. ನನ್ನ ಭಾವನ ಮನೆಯಲ್ಲಿ ಕಡತ ಭದ್ರವಾಗಿಯೇ ಇತ್ತು. ಡೀಡಿನಲ್ಲಿ ಮಾತ್ರ ಟ್ರಸ್ಟಿನ ಹೆಸರಿರಲಿಲ್ಲ. ಅಷ್ಟಕ್ಕೇ ಅವರ ಇಬ್ಬರು ಮಕ್ಕಳು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಪ್ರೊಬೇಟ್ ನ್ಯಾಯಾಲಯದಲ್ಲಿ, ಅಂದರೆ ತೀರಿಕೊಂಡವರ ಆಸ್ತಿಯ ವಿಲೇವಾರಿ ನೋಡುವ ನ್ಯಾಯಾಲಯದಲ್ಲಿ, ಸಿಕ್ಕಿಬಿದ್ದರು.

ಅಕ್ಕ ಬದುಕಿದ್ದಾಗಲೇ ಇಬ್ಬರೂ ಸೇರಿ ವಕೀಲರ ಬಳಿ ಟ್ರಸ್ಟ್ ಮಾಡಿಸಿದ್ದರು. ಮನೆಯನ್ನು ಟ್ರಸ್ಟಿನ ಹೆಸರಿಗೆ ವರ್ಗಾಯಿಸಿಯೂ ಆಗಿತ್ತು. ಇಬ್ಬರೂ ಇಲ್ಲವಾದರೆ ಮುಂದಿನ ಟ್ರಸ್ಟಿ, ಅಂದರೆ ಟ್ರಸ್ಟಿನ ಆಸ್ತಿ ನೋಡಿಕೊಳ್ಳಬೇಕಾದವರು, ನಾನು. ಮಕ್ಕಳು ನ್ಯಾಯಾಲಯದ ಮೆಟ್ಟಿಲು ಹತ್ತಬಾರದು ಎಂಬುದೇ ಅದರ ಉದ್ದೇಶ. ಅಕ್ಕ ತೀರಿಕೊಂಡ ಮೇಲೆ, 2021ರಲ್ಲಿ, ಭಾವ ರಿಫೈನಾನ್ಸ್‌ಗೆ ಕೈಹಾಕಿದರು. ಸಾಲ ಕೊಡುವ ಸಂಸ್ಥೆ ‘ಟ್ರಸ್ಟಿಗೆ ಸಾಲ ಕೊಡುವುದಿಲ್ಲ, ಮನೆ ನಿಮ್ಮ ಸ್ವಂತ ಹೆಸರಿಗೆ ಬರಬೇಕು’ ಎಂದಿತು. ಇದು ಅಪರೂಪವೇನಲ್ಲ, ಎಷ್ಟೋ ಸಂಸ್ಥೆಗಳು ಹೀಗೆ ಕೇಳುತ್ತವೆ. ಸಹಿ ಹಾಕುವ ದಿನದ ಕಾಗದಗಳ ರಾಶಿಯಲ್ಲಿ ಒಂದು ಡೀಡ್ ಇತ್ತು: ಟ್ರಸ್ಟಿಯಾಗಿ ಭಾವ, ವ್ಯಕ್ತಿಯಾಗಿ ಭಾವನಿಗೇ, ಮನೆಯನ್ನು ಬರೆದುಕೊಟ್ಟ ಪತ್ರ. ಸಾಲ ಮಂಜೂರಾದ ಮೇಲೆ ಮನೆಯನ್ನು ಮರಳಿ ಟ್ರಸ್ಟಿಗೆ ಸೇರಿಸುವ ಇನ್ನೊಂದು ಡೀಡ್ ಆಗಬೇಕಿತ್ತು. ಸಾಲದ ಏಜೆಂಟ್ ಅದು ಎಸ್ಕ್ರೋದವರ (ಹಣ, ಕಾಗದಪತ್ರ ನಿಭಾಯಿಸುವ ಮಧ್ಯವರ್ತಿಗಳ) ಕೆಲಸವೆಂದುಕೊಂಡ. ಎಸ್ಕ್ರೋದವರು ತಮಗೆ ಯಾರೂ ಹೇಳಲಿಲ್ಲ ಎಂದರು. ಟ್ರಸ್ಟ್ ಬರೆದ ವಕೀಲರಿಗೆ ರಿಫೈನಾನ್ಸ್ ಆದದ್ದೇ ಗೊತ್ತಿಲ್ಲ. ಭಾವನಿಗೆ ತಿಂಗಳ ಕಂತು ಕಡಿಮೆಯಾದ ಸಮಾಧಾನ. 2023ರಲ್ಲಿ ಅವರೂ ಹೋದರು.

ಹೊರಗೆ ಬಿದ್ದ ಮನೆಯನ್ನು ಒಳಗೆ ತರಲು ಕಾನೂನಿನಲ್ಲಿ ಒಂದು ಕಿಂಡಿ ಇದೆ. 1993ರ ಹೆಗ್‌ಸ್ಟಡ್ ಪ್ರಕರಣದ ತೀರ್ಪಿನಿಂದ ಬಂದದ್ದಾದ್ದರಿಂದ ವಕೀಲರು ಅದನ್ನು ಹೆಗ್‌ಸ್ಟಡ್ ಅರ್ಜಿ ಎನ್ನುತ್ತಾರೆ. ಟ್ರಸ್ಟಿನ ಆಸ್ತಿಪಟ್ಟಿಯಲ್ಲಿ ಮನೆಯ ವಿವರವಿದ್ದು ಡೀಡ್ ಮಾತ್ರ ಬಾಕಿ ಉಳಿದಿದ್ದರೆ, ‘ಇದು ಟ್ರಸ್ಟಿನದೇ ಆಸ್ತಿ’ ಎಂದು ನ್ಯಾಯಾಲಯ ಘೋಷಿಸಬಹುದು. ನಾವೂ ಅರ್ಜಿ ಹಾಕಿದೆವು. ಆದರೆ ಡೀಡ್ ಮಾಡಿಸಲು ಮರೆತದ್ದು ಬೇರೆ, ಮಾಲೀಕನೇ ನೋಟರಿಯ ಎದುರು ಸಹಿ ಹಾಕಿ ಮನೆಯನ್ನು ಹೊರತೆಗೆದದ್ದು ಬೇರೆ. ಮರಳಿ ಸೇರಿಸುವ ಉದ್ದೇಶ ಅವರಿಗಿತ್ತು ಎನ್ನಲು ನಮ್ಮ ಬಳಿ ಒಂದು ಇಮೇಲ್ ಕೂಡ ಇರಲಿಲ್ಲ. ನ್ಯಾಯಾಧೀಶರು ಒಪ್ಪಲಿಲ್ಲ.

ಟ್ರಸ್ಟಿನ ಜೊತೆಗೇ ಮಾಡಿಸಿದ ‘ಪೋರ್-ಓವರ್ ವಿಲ್’ ಎಂಬುದೊಂದು ಇತ್ತು. ಹೊರಗುಳಿದ ಆಸ್ತಿಯೆಲ್ಲ ಟ್ರಸ್ಟಿಗೆ ಸೇರಲಿ ಎಂದು ಹೇಳುವ ಉಯಿಲು ಅದು. ಇಂಥದೊಂದಿದ್ದರೆ ಪ್ರೊಬೇಟ್ ತಪ್ಪುತ್ತದೆಂದು ನಂಬಿರುವವರನ್ನು ನಾನು ಎಷ್ಟೋ ಜನ ಕಂಡಿದ್ದೇನೆ. ತಪ್ಪುವುದಿಲ್ಲ. ಅದೂ ಉಯಿಲೇ, ಪ್ರೊಬೇಟ್ ಆದ ನಂತರವೇ ಆಸ್ತಿ ಟ್ರಸ್ಟಿಗೆ ಬರುತ್ತದೆ.

ಈಗ ಖರ್ಚಿನ ಮಾತು. ಕ್ಯಾಲಿಫೋರ್ನಿಯಾದಲ್ಲಿ ಪ್ರೊಬೇಟ್ ವಕೀಲರ ಶುಲ್ಕದ ದರ ಕಾನೂನಿನಲ್ಲೇ ಇದೆ: ಮೊದಲ ಒಂದು ಲಕ್ಷ ಡಾಲರಿಗೆ ಶೇ. 4, ಮುಂದಿನ ಒಂದು ಲಕ್ಷಕ್ಕೆ ಶೇ. 3, ಅದರ ಮೇಲಿನ ಎಂಟು ಲಕ್ಷಕ್ಕೆ ಶೇ. 2, ಆನಂತರದ 90 ಲಕ್ಷಕ್ಕೆ ಶೇ. 1. ಮನೆಯ ಬೆಲೆ 15 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಶುಲ್ಕ 28,000 ಡಾಲರ್. ಮನೆಯ ಮೇಲೆ ಆರು ಲಕ್ಷ ಸಾಲವಿದ್ದರೂ ಲೆಕ್ಕ ಹಿಡಿಯುವುದು 15 ಲಕ್ಷಕ್ಕೇ. ಸಾಲವನ್ನು ಕಳೆಯುವ ಮಾತೇ ಇಲ್ಲ! ಉಯಿಲನ್ನು ಜಾರಿಗೆ ತರುವ ಎಕ್ಸಿಕ್ಯೂಟರಿಗೂ ಅಷ್ಟೇ ಮೊತ್ತ ಪಡೆಯುವ ಹಕ್ಕಿದೆ. ಎಕ್ಸಿಕ್ಯೂಟರ್ ನಾನೇ ಆಗಿದ್ದರಿಂದ ಅದನ್ನು ಬಿಟ್ಟುಕೊಟ್ಟೆ. ಹೊರಗಿನವರಾಗಿದ್ದರೆ ಬಿಡುತ್ತಿದ್ದರೇ? ಆಸ್ತಿಯ ಬೆಲೆ ಕಟ್ಟುವ ಪ್ರೊಬೇಟ್ ರೆಫರಿಗೆ ಬೆಲೆಯ ಸಾವಿರದಲ್ಲೊಂದು ಪಾಲು. ನ್ಯಾಯಾಲಯದ ಶುಲ್ಕ, ಪತ್ರಿಕಾ ಪ್ರಕಟಣೆ ಬೇರೆ.

ಹಣಕ್ಕಿಂತ ಮಕ್ಕಳನ್ನು ಹೆಚ್ಚು ದಣಿಸಿದ್ದು ಕಾಯುವಿಕೆ. ಅರ್ಜಿಗೆ ವಿಚಾರಣೆಯ ದಿನಾಂಕ ಸಿಗುವುದೇ ತಡ. ನ್ಯಾಯಾಲಯ ಎಕ್ಸಿಕ್ಯೂಟರಿಗೆ ಕೊಡುವ ಅಧಿಕಾರಪತ್ರ ಕೈಗೆ ಬಂದ ಮೇಲೆ, ತೀರಿಕೊಂಡವರಿಗೆ ಸಾಲ ಕೊಟ್ಟವರು ಹಕ್ಕು ಹೇಳಿಕೊಳ್ಳಲು ನಾಲ್ಕು ತಿಂಗಳು ಬಿಡಬೇಕು. ಈ ನಡುವೆ ಮನೆಯ ಕಂತು ನಿಲ್ಲುವುದಿಲ್ಲ, ಡಿಸೆಂಬರ್ 10 ಮತ್ತು ಏಪ್ರಿಲ್ 10ರ ಆಸ್ತಿ ತೆರಿಗೆಯ ಗಡುವು ನಿಲ್ಲುವುದಿಲ್ಲ, ಖಾಲಿ ಮನೆಗೆ ವಿಮೆ ಮುಂದುವರಿಸಲು ವಿಮೆಯವರು ನೂರು ಪ್ರಶ್ನೆ ಕೇಳುತ್ತಾರೆ. ಭಾವನ ಬ್ಯಾಂಕ್ ಖಾತೆಯಲ್ಲಿ ಇದಕ್ಕೆಲ್ಲ ಸಾಕಾಗುವಷ್ಟು ಹಣವಿತ್ತು. ಆದರೆ ತೀರಿಕೊಂಡ ಮೇಲೆ ಯಾರಿಗೆ ಸೇರಬೇಕೆಂದು ಖಾತೆಯಲ್ಲಿ ಬರೆಸಿರಲಿಲ್ಲ. ಒಟ್ಟು ಆಸ್ತಿ 1,84,500 ಡಾಲರ್ ಮೀರದಿದ್ದರೆ, 40 ದಿನಗಳ ನಂತರ ಒಂದು ಅಫಿಡವಿಟ್ ಕೊಟ್ಟು ಖಾತೆಯ ಹಣ ಪಡೆಯುವ ಅವಕಾಶ ಆಗ ಇತ್ತು. ಮನೆ ಟ್ರಸ್ಟಿನೊಳಗೆ ಇದ್ದಿದ್ದರೆ ಅದರ ಬೆಲೆ ಈ ಲೆಕ್ಕಕ್ಕೆ ಸೇರುತ್ತಲೇ ಇರಲಿಲ್ಲ. ಹೊರಗಿದ್ದುದರಿಂದ ಸೇರಿತು, ಖಾತೆಯ ಬಾಗಿಲೂ ಮುಚ್ಚಿತು. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿ ತನ್ನ ಸಂಬಳದಿಂದ ಆ ಮನೆಯ ಕಂತು ಕಟ್ಟಿದಳು. ತಮ್ಮನ ಕಾಲೇಜು ಶುಲ್ಕಕ್ಕೆ ಸಾಲ ಮಾಡಬೇಕಾಯಿತು. ನಿವೃತ್ತಿ ಖಾತೆ ಮತ್ತು ಜೀವವಿಮೆಯಲ್ಲಿ ಮಕ್ಕಳ ಹೆಸರಿತ್ತು. ಆ ಹಣ ಮಾತ್ರ ತಂಟೆಯಿಲ್ಲದೆ ಬಂತು.

ಇನ್ನೊಂದು ಸಂಕಟ ನಮಗ್ಯಾರಿಗೂ ಹೊಳೆದಿರಲಿಲ್ಲ. ಪ್ರೊಬೇಟ್ ಕಡತ ಸಾರ್ವಜನಿಕ ದಾಖಲೆ. ಮನೆಯ ವಿಳಾಸ, ಬೆಲೆ, ವಾರಸುದಾರರ ಹೆಸರು, ಎಲ್ಲವನ್ನೂ ಯಾರು ಬೇಕಾದರೂ ಓದಬಹುದು. ಅರ್ಜಿ ಹಾಕಿದ ಕೆಲವೇ ವಾರಗಳಲ್ಲಿ ಪತ್ರಗಳು ಸುರಿಯತೊಡಗಿದವು. ‘ಮನೆಯನ್ನು ಇದ್ದ ಸ್ಥಿತಿಯಲ್ಲೇ ನಗದಿಗೆ ಕೊಳ್ಳುತ್ತೇವೆ’ ಎನ್ನುವವರು ಕೆಲವರು, ‘ನಿಮ್ಮ ಪಾಲಿನ ಮೇಲೆ ಈಗಲೇ ಮುಂಗಡ ಕೊಡುತ್ತೇವೆ’ ಎನ್ನುವವರು ಕೆಲವರು. ಹೆಣದ ಸುತ್ತ ಹದ್ದು ಸೇರಿದ ಹಾಗೆ. ಹುಡುಗನಂತೂ ಒಂದು ಮುಂಗಡದ ಕಾಗದಕ್ಕೆ ಸಹಿ ಹಾಕಿಯೇ ಬಿಡುತ್ತಿದ್ದ. ಅವನ ಅಕ್ಕ ಕಣ್ಣಿಟ್ಟಿದ್ದರಿಂದ ಉಳಿದ.

ಹಾಗಾದರೆ ಮನೆಯನ್ನು ಟ್ರಸ್ಟಿಗೆ ಮರಳಿ ಸೇರಿಸುವುದು ದೊಡ್ಡ ಕೆಲಸವೇ? ಇಲ್ಲ, ಹೊಟ್ಟೆ ಉರಿಯುವುದೇ ಇದಕ್ಕೆ. ಒಂದು ಡೀಡ್ ಬರೆಸಿ, ನೋಟರಿಯ ಎದುರು ಸಹಿ ಹಾಕಿ, ಮಾಲೀಕತ್ವ ಬದಲಾವಣೆಯ ನಮೂನೆಯೊಂದಿಗೆ ಕೌಂಟಿ ಕಚೇರಿಯಲ್ಲಿ ದಾಖಲಿಸಿದರೆ ಮುಗಿಯಿತು. ನೀವೇ ಹಿಂಪಡೆಯಬಹುದಾದ ನಿಮ್ಮದೇ ಟ್ರಸ್ಟಿಗೆ ಸೇರಿಸುವುದರಿಂದ ಆಸ್ತಿ ತೆರಿಗೆಯ ಮರುಮೌಲ್ಯಮಾಪನ ಆಗುವುದಿಲ್ಲ. ‘ಸಾಲ ಕೊಟ್ಟವರು ತಕರಾರು ಮಾಡಿದರೆ?’ ಎಂದು ನನ್ನನ್ನು ಕೇಳಿದವರಿದ್ದಾರೆ. ನೀವೇ ಫಲಾನುಭವಿಯಾಗಿ ಆ ಮನೆಯಲ್ಲೇ ವಾಸವಿರುವಾಗ, ಇದೊಂದೇ ಕಾರಣಕ್ಕೆ ಪೂರ್ತಿ ಸಾಲವನ್ನು ಒಮ್ಮೆಲೇ ಕಟ್ಟಿ ಎಂದು ಅವರು ಕೇಳುವಂತಿಲ್ಲ. 1982ರ ಗಾರ್ನ್–ಸೇಂಟ್ ಜರ್ಮೈನ್ ಎಂಬ ಕೇಂದ್ರ ಕಾಯ್ದೆ ಅದನ್ನು ತಡೆಯುತ್ತದೆ. ಮಾಲೀಕತ್ವದ ತಕರಾರಿನಿಂದ ರಕ್ಷಿಸುವ ಟೈಟಲ್ ವಿಮೆಯ ಕಂಪನಿಗೆ ಒಂದು ಮಾತು ತಿಳಿಸಿಟ್ಟರೆ ಒಳ್ಳೆಯದು.

2025ರ ಏಪ್ರಿಲ್ 1ರಿಂದ ನಿಯಮ ಸಡಿಲವಾಗಿದೆಯಲ್ಲ ಎನ್ನುವವರಿದ್ದಾರೆ. ನಿಜ, ಆ ದಿನದಿಂದ ಈಚೆಗೆ ತೀರಿಕೊಂಡವರ ವಾಸದ ಮನೆ 7,50,000 ಡಾಲರ್ ಒಳಗಿದ್ದರೆ ಪೂರ್ಣ ಪ್ರೊಬೇಟ್ ಇಲ್ಲದೆ ಸರಳ ಅರ್ಜಿಯಲ್ಲಿ ಮುಗಿಸಬಹುದು. ಬೇ ಏರಿಯಾದಲ್ಲಿ ಆ ಬೆಲೆಗೆ ಸಂಸಾರ ಹೂಡುವಂಥ ಮನೆ ಎಲ್ಲಿದೆಯೋ ನನಗೆ ತೋರಿಸಿ. ಸ್ಯಾಕ್ರಮೆಂಟೊ, ಫ್ರೆಸ್ನೊ ಕಡೆಯವರಿಗೆ ಇದು ಉಪಯೋಗಕ್ಕೆ ಬರಬಹುದು.

ಊರಿನ ಆಸ್ತಿಯ ಬಗ್ಗೆಯೂ ಹೇಳಲೇಬೇಕು. ಭಾವನ ಹೆಸರಿನಲ್ಲಿ ಬೆಂಗಳೂರಿನಲ್ಲೊಂದು ನಿವೇಶನವಿತ್ತು. ಅದಕ್ಕೆ ಅವರು ಬಹಳ ಹಿಂದೆಯೇ ಅಲ್ಲಿನ ಉಪನೋಂದಣಿ ಕಚೇರಿಯಲ್ಲಿ ಉಯಿಲು ನೋಂದಾಯಿಸಿದ್ದರು, ಅಚ್ಚುಕಟ್ಟಾಗಿ, ಇಬ್ಬರು ಸಾಕ್ಷಿಗಳೊಂದಿಗೆ. ಬೆಂಗಳೂರಿನ ಆಸ್ತಿಗೆ ಅಲ್ಲೇ ಬರೆದ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ, ಖಾತೆ ಬದಲಾವಣೆ ಸಲೀಸಾಗಿ ಆಗಬೇಕಿತ್ತು. ಆದರೆ ಆಮೇಲೆ ಅಮೆರಿಕದಲ್ಲಿ ಸಹಿ ಹಾಕಿದ ಉಯಿಲಿನ ಮೊದಲ ಸಾಲೇ ‘ಈ ಹಿಂದಿನ ನನ್ನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ’ ಎಂದಿತ್ತು. ಇಲ್ಲಿನ ವಕೀಲರ ಸಿದ್ಧ ನಮೂನೆಗಳಲ್ಲಿ ಈ ವಾಕ್ಯ ಇದ್ದೇ ಇರುತ್ತದೆ. ಊರಿನಲ್ಲಿ ಆಸ್ತಿ ಇದೆಯೇ ಎಂದು ಅವರು ಕೇಳಿರಲಿಲ್ಲ. ಬೆಂಗಳೂರಿನ ವಕೀಲರು ಎರಡೂ ಪತ್ರಗಳನ್ನು ಓದಿ ತಲೆ ಮೇಲೆ ಕೈಹೊತ್ತರು. ಉಯಿಲೇ ಇಲ್ಲವೆಂದಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಕ್ಕಳ ಜೊತೆ ಭಾವನ ತಾಯಿಗೂ ಸಮಪಾಲು, ಅವರ ನಂತರ ಆ ಪಾಲಿನಲ್ಲಿ ಭಾವನ ಒಡಹುಟ್ಟಿದವರಿಗೂ ಹಕ್ಕು. ಮೈಸೂರಿನ ಅಜ್ಜಿ ‘ನನಗೇಕಪ್ಪಾ, ಮಕ್ಕಳಿಗೇ ಇರಲಿ’ ಎನ್ನುತ್ತಾರೆ. ಅದನ್ನು ಕಾಗದದ ಮೇಲೆ ತರುವುದು ಇನ್ನೂ ಮುಗಿದಿಲ್ಲ. ಭಾರತದ ಸ್ಥಿರಾಸ್ತಿಗೆ ಬೇರೆಯೇ ಉಯಿಲು ಮಾಡಿ, ಆಯಾ ಉಯಿಲು ಆಯಾ ದೇಶದ ಆಸ್ತಿಗಷ್ಟೇ ಸೀಮಿತ ಎಂದು ಎರಡರಲ್ಲೂ ಬರೆಸಿ. ಅಲ್ಲಿಗೆ ಕಳಿಸುವ ಮರಣಪತ್ರಕ್ಕೆ ಕ್ಯಾಲಿಫೋರ್ನಿಯಾ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟೀಲ್ ಮುದ್ರೆ (ದಾಖಲೆ ಅಸಲೆಂದು ಬೇರೆ ದೇಶಕ್ಕೆ ದೃಢಪಡಿಸುವ ಮುದ್ರೆ) ಬೇಕಾಗುತ್ತದೆ.

ಡೀಡ್ ಹುಡುಕಲು ಹೊರಟವರಿಗೆ ಕೊನೆಯದಾಗಿ ಒಂದು ಮಾತು. ಮನೆ ಕೊಂಡವರಿಗೆ, ರಿಫೈನಾನ್ಸ್ ಮಾಡಿಸಿದವರಿಗೆ, ಸರ್ಕಾರಿ ಕಾಗದದಂತೆಯೇ ಕಾಣುವ ಪತ್ರವೊಂದು ಅಂಚೆಯಲ್ಲಿ ಬರುವುದುಂಟು: ‘ನಿಮ್ಮ ಡೀಡಿನ ಪ್ರತಿಗೆ ಇಷ್ಟು ಡಾಲರ್ ಕಳಿಸಿ’ ಎಂದು. ಕಳಿಸಬೇಡಿ. ಕೌಂಟಿ ರೆಕಾರ್ಡರ್ ಕಚೇರಿಯೇ ಕೆಲವು ಡಾಲರಿಗೆ ಪ್ರತಿ ಕೊಡುತ್ತದೆ. ಅದರಲ್ಲಿ ನಿಮ್ಮ ಹೆಸರಿನ ಮುಂದೆ ‘ಟ್ರಸ್ಟೀ’ ಎಂಬ ಪದ, ಟ್ರಸ್ಟಿನ ಪೂರ್ಣ ಹೆಸರು ಮತ್ತು ಅದರ ದಿನಾಂಕ, ಮೂರೂ ಇವೆಯೇ ನೋಡಿ. ಇಲ್ಲದಿದ್ದರೆ ಟ್ರಸ್ಟ್ ಬರೆದ ವಕೀಲರಿಗೆ ಫೋನ್ ಮಾಡಿ.