ಟೂಲ್‌ಸೆಟ್ ಗಟ್ಟಿಯಾಗಿದೆ, ವಿವರಣೆ ಸಾಲದು

ಡೆಸ್ಕ್‌ಟಾಪ್ ತಂತ್ರಾಂಶಗಳ ಪರೀಕ್ಷೆಯನ್ನು ಎಐ ಏಜೆಂಟ್‌ಗೆ (ಟೂಲ್‌ಗಳನ್ನು ಬಳಸಿ ತಾನೇ ಕೆಲಸ ಮಾಡುವ ಎಐಗೆ) ವಹಿಸಲೆಂದು ಕೊಂಡ ಈ ಟೂಲ್‌ಸೆಟ್, ವಿಂಡೋಸ್‌ನ ಯುಐ ಆಟೊಮೇಷನ್ (ಪರದೆಯ ಅಂಶಗಳನ್ನು ಬೇರೆ ತಂತ್ರಾಂಶಗಳು ಗುರುತಿಸಿ ಬಳಸಲು ಇರುವ ವ್ಯವಸ್ಥೆ) ಮೂಲಕ ಗುಂಡಿ, ಮೆನುಗಳನ್ನು ನಿಖರವಾಗಿ ಗುರುತಿಸುತ್ತದೆ; ವೇಗದ ಬಗ್ಗೆಯೂ ದೂರಿಲ್ಲ. ಕೊರತೆಯಿರುವುದು ಪ್ರತಿ ಟೂಲ್‌ ಅನ್ನು ಹೇಗೆ ಬಳಸಬೇಕೆಂದು ಏಜೆಂಟ್‌ಗೆ ತಿಳಿಸುವ ವಿವರಣೆಗಳಲ್ಲಿ. ‘ಕ್ಲಿಕ್’ ಟೂಲ್‌ಗೆ ಬರೆದಿದ್ದುದು ‘ಪರದೆಯ ಮೇಲೆ ಕ್ಲಿಕ್ ಮಾಡುತ್ತದೆ’ ಎಂಬ ಒಂದೇ ಸಾಲು. ಏಜೆಂಟ್‌ಗೆ ಕಾಣುವುದು ಆ ಸಾಲೇ ಹೊರತು ಒಳಗಿನ ಕೋಡ್ ಅಲ್ಲ. ಹೀಗಾಗಿ ಅದು ಸ್ಕ್ರೀನ್‌ಶಾಟ್ ನೋಡಿ ಪಿಕ್ಸೆಲ್ ಸ್ಥಾನವನ್ನು ಅಂದಾಜಿಸಿ, ಡಿಸ್‌ಪ್ಲೇ ಸ್ಕೇಲಿಂಗ್ (ಪರದೆಯ ಅಕ್ಷರ, ಗುಂಡಿಗಳನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗ್) 150% ಇದ್ದ ಯಂತ್ರದಲ್ಲಿ ‘ಉಳಿಸು’ ಬದಲು ಪಕ್ಕದ ‘ಅಳಿಸು’ ಗುಂಡಿಯನ್ನು ಒತ್ತಿಬಿಟ್ಟಿತು. ‘ಮೊದಲು ಆಟೊಮೇಷನ್ ಐಡಿಯಿಂದ (ತಂತ್ರಾಂಶದಲ್ಲಿ ಗುಂಡಿಗೆ ಕೊಟ್ಟಿರುವ ಗುರುತಿನಿಂದ) ಗುಂಡಿಯನ್ನು ಹುಡುಕಿ, ಸಿಗದಿದ್ದರೆ ಮಾತ್ರ ಪಿಕ್ಸೆಲ್ ಸ್ಥಾನ ಕೊಡಿ, ವಿಂಡೋ ತೆರೆಯುವವರೆಗೆ ಈ ಟೂಲ್ ಕಾಯುವುದಿಲ್ಲ’ ಎಂದು ನಾನೇ ತಿದ್ದಿ ಬರೆದ ಮೇಲೆ ಅದೇ ಪರೀಕ್ಷೆ ಸರಿಯಾಗಿ ಮುಗಿಯಿತು. ತಯಾರಕರೇ ಇಷ್ಟನ್ನು ಬರೆದಿದ್ದರೆ ಐದು ಅಂಕ ಕೊಡುತ್ತಿದ್ದೆ, ಸದ್ಯಕ್ಕೆ ಮೂರು.