‘ಅನ್‌ಲಿಮಿಟೆಡ್’ ಹೋಸ್ಟಿಂಗ್ ನಂಬಿ ನಾವು ಕಳೆದುಕೊಂಡ ಸಂದರ್ಶನಗಳು

ನಮ್ಮದು ಸಾಗರ ಸೀಮೆಯ ಒಂದು ಹವ್ಯಾಸಿ ಯಕ್ಷಗಾನ ಬಳಗ. ಅದರ ಜಾಲತಾಣವನ್ನು ನೋಡಿಕೊಳ್ಳುವ ಹೊಣೆ ನನ್ನದು. ತಾಣವನ್ನು ಇಡಲು ಕಂಪನಿಯೊಂದರ ಸರ್ವರ್ ಕಂಪ್ಯೂಟರಿನಲ್ಲಿ ಬಾಡಿಗೆಗೆ ಜಾಗ, ಅಂದರೆ ಹೋಸ್ಟಿಂಗ್, ಕೊಳ್ಳುವಾಗ ನಾನು ನೋಡಿದ್ದು ತಿಂಗಳಿಗೆ 99 ರೂಪಾಯಿ ಎಂಬ ದರವನ್ನು ಮತ್ತು ‘ಅನ್‌ಲಿಮಿಟೆಡ್ ಸ್ಪೇಸ್’ ಎಂಬ ಮಾತನ್ನು ಮಾತ್ರ. ಆ ದರ ಸಿಗಬೇಕಾದರೆ 36 ತಿಂಗಳ ಹಣವನ್ನು ಒಟ್ಟಿಗೇ ಕಟ್ಟಬೇಕೆಂಬುದು ಹಣ ಪಾವತಿಯ ಪುಟಕ್ಕೆ ಹೋದಮೇಲೆ ತಿಳಿಯಿತು. 3,564 ರೂಪಾಯಿಗೆ ಶೇ. 18ರಷ್ಟು ಜಿಎಸ್‌ಟಿ ಸೇರಿ 4,205 ಆಯಿತು. ಮೂರು ವರ್ಷ ಕಳೆದು ಬಂದ ನವೀಕರಣದ ಬಿಲ್ಲಿನಲ್ಲಿ ತಿಂಗಳ ದರ 399ಕ್ಕೆ ಏರಿತ್ತು, ಅಂದರೆ ತೆರಿಗೆಯೂ ಸೇರಿ 16,950ರ ಆಸುಪಾಸು. ಅಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ.

ಅನ್‌ಲಿಮಿಟೆಡ್ ಎಂಬುದು ಜಾಗದ ಮಾತೇ ಹೊರತು ಕಡತಗಳ ಸಂಖ್ಯೆಯ ಮಾತಲ್ಲ. ಹೋಸ್ಟಿಂಗ್‌ನವರು ಕಡತಗಳನ್ನು ‘ಐನೋಡ್’ ಲೆಕ್ಕದಲ್ಲಿ ಎಣಿಸುತ್ತಾರೆ, ಆ ಲೆಕ್ಕಕ್ಕೆ ಒಂದು ಮಿತಿ ಇರುತ್ತದೆ, ಮತ್ತು ಅದು ಜಾಹೀರಾತಿನಲ್ಲಿ ಅಲ್ಲದೆ ಸೇವಾ ನಿಯಮಗಳ ಉದ್ದನೆಯ ಪುಟದಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ನಮ್ಮ ಕರಾರಿನಲ್ಲಿ ಅದು ಒಂದು ಲಕ್ಷ. ಆಟದ ಫೋಟೊಗಳನ್ನು ಏರಿಸುತ್ತ ಹೋದ ನಮಗೆ, ತಾಣವನ್ನು ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಪ್ರತಿಯೊಂದು ದೊಡ್ಡ ಫೋಟೊಕ್ಕೂ ತಾನಾಗಿಯೇ ಐದಾರು ಅಳತೆಯ ಪ್ರತಿಗಳನ್ನು ಮಾಡಿಟ್ಟುಕೊಳ್ಳುತ್ತದೆ ಎಂಬ ಕಡೆ ಗಮನವೇ ಇರಲಿಲ್ಲ. ಫೋಟೊಗಳು ಹದಿನೈದು ಸಾವಿರ ದಾಟುವಷ್ಟರಲ್ಲಿ ಮಿತಿ ಮುಗಿದುಹೋಗಿತ್ತು. ತಾಣ ನಿಲ್ಲಲಿಲ್ಲ, ಯಾರೂ ಪತ್ರ ಬರೆಯಲಿಲ್ಲ. ಮಿತಿ ಮೀರಿದ ಖಾತೆಗಳನ್ನು ದಿನದ ಬ್ಯಾಕಪ್‌ನಿಂದ (ಕಾಯ್ದಿಡುವ ಪ್ರತಿಯಿಂದ) ಕೈಬಿಡಲಾಗುವುದು ಎಂಬ ನಿಯಮದ ಪ್ರಕಾರ ನಮ್ಮನ್ನು ಸದ್ದಿಲ್ಲದೆ ಕೈಬಿಟ್ಟರು.

ಅದಾದ ಕೆಲವು ತಿಂಗಳಿಗೆ ಅವರು ಖಾತೆಗಳನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಿದರು. ಮರುದಿನ ಬೆಳಿಗ್ಗೆ ತಾಣವನ್ನು ತೆರೆದರೆ ಫೋಟೊಗಳೆಲ್ಲ ಸರಿಯಾಗಿದ್ದವು, ಬರಹವೆಲ್ಲ ಪ್ರಶ್ನೆಚಿಹ್ನೆಯಾಗಿತ್ತು. ಬರಹವೆಲ್ಲ ಇರುವ ಡೇಟಾಬೇಸನ್ನು ಇಳಿಸಿಕೊಳ್ಳುವಾಗ ಯಾರೋ ಲ್ಯಾಟಿನ್-1 ಎಂಬ ಹಳೆಯ ಅಕ್ಷರಸಂಕೇತವನ್ನು ಬಳಸಿದ್ದರು. ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್ ತಂತ್ರಾಂಶದಲ್ಲಿ 2018ರ 8.0 ಆವೃತ್ತಿ ಬರುವ ತನಕ ಅದೇ ಮೂಲ ಆಯ್ಕೆಯಾಗಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲದ ಕಾರಣ ಒಂದೊಂದು ಸಂಕೇತದ ಬದಲು ಒಂದೊಂದು ಪ್ರಶ್ನೆಚಿಹ್ನೆ ಕೂರುತ್ತದೆ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರವಾದರೂ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒತ್ತಕ್ಷರ ಮೂಡಿಸುವ ‘್’ ಗುರುತೂ ಸೇರಿ ಐದು ಸಂಕೇತ, ಆದ್ದರಿಂದ ಪರದೆಯ ಮೇಲೆ ಕಾಣುವುದು ‘?????’. ಅಂಕಿ, ಅಲ್ಪವಿರಾಮ, ಆವರಣ ಮಾತ್ರ ಹಾಗೆಯೇ ಉಳಿಯುತ್ತವೆ. ಒಬ್ಬ ಹಿರಿಯ ಭಾಗವತರ ಸಂದರ್ಶನದ ಪುಟದಲ್ಲಿ ‘????? 1974?????, ???????’ ಎಂದಿತ್ತು. ಆ ವರ್ಷ ಅವರು ಯಾವ ಮೇಳದಲ್ಲಿದ್ದರು ಎಂಬುದು ಆ ಸಾಲಿನಲ್ಲಿತ್ತು.

ಬರಿಯ ತೋರಿಕೆಯ ದೋಷವಾಗಿದ್ದರೆ ಸರಿಪಡಿಸಬಹುದಿತ್ತು. ಅಕ್ಷರಗಳು ಕಲಸಿಹೋಗಿ ವಿಚಿತ್ರ ಲ್ಯಾಟಿನ್ ಗುರುತುಗಳಾಗಿ ಕಂಡರೆ ಎಷ್ಟೋ ಸಲ ಹಿಂದಕ್ಕೆ ತಿರುಗಿಸಲು ಬರುತ್ತದೆ. ನಿಜವಾದ ಪ್ರಶ್ನೆಚಿಹ್ನೆಯಾಗಿಯೇ ಉಳಿಸಿಬಿಟ್ಟ ಮೇಲೆ ಅದರ ಹಿಂದೆ ಏನಿತ್ತೆಂದು ಯಂತ್ರಕ್ಕೂ ಗೊತ್ತಿರುವುದಿಲ್ಲ. ಹಳೆಯ ಸರ್ವರ್ ಅಳಿಸಿ ಆಗಿದೆ, ಬ್ಯಾಕಪ್‌ನಲ್ಲಿ ನಿಮ್ಮ ಖಾತೆ ಇಲ್ಲ, ನಿಯಮ ಓದಿ ನೋಡಿ ಎಂಬುದು ಸಹಾಯವಾಣಿಯ ಉತ್ತರ. ಓದಿದೆ. ‘ದತ್ತಾಂಶದ ಪ್ರತಿ ಇಟ್ಟುಕೊಳ್ಳುವುದು ಗ್ರಾಹಕರ ಹೊಣೆ’ ಎಂದೇ ಅಲ್ಲಿತ್ತು. ಅವರ ನಿಯಮದ ಮಟ್ಟಿಗೆ ಅವರು ಸರಿ. ಮೂರು ವರ್ಷದಲ್ಲಿ ಒಂದು ಸಲವೂ ಸಿಪ್ಯಾನೆಲ್ ಎಂಬ ಹೋಸ್ಟಿಂಗ್ ನಿರ್ವಹಣೆಯ ಪುಟಕ್ಕೆ ಹೋಗಿ ಡೇಟಾಬೇಸ್ ಇಳಿಸಿಕೊಳ್ಳದ ತಪ್ಪು ನನ್ನದು.

ಬಿಟ್ಟು ಹೊರಡೋಣವೆಂದರೆ ತಾಣದ ವಿಳಾಸವಾದ ಡೊಮೈನ್ ಹೆಸರು ಕೈಯಲ್ಲಿರಲಿಲ್ಲ. ಹೋಸ್ಟಿಂಗ್ ಜೊತೆ ಉಚಿತವಾಗಿ ಕೊಟ್ಟ ಆ ಡಾಟ್ ಕಾಮ್ ಹೆಸರು ಅವರದೇ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಿತ್ತು. ವರ್ಗಾವಣೆಗೆ ಬೇಕಾದ ಸಂಕೇತಪದವನ್ನು ಪಡೆಯಲು ಐದು ವಾರ ಹಿಡಿಯಿತು, ಅಷ್ಟರಲ್ಲಿ ನವೀಕರಣದ ಗಡುವು ಹತ್ತಿರ ಬರುತ್ತಿತ್ತು. ಅವಧಿ ಮುಗಿದ ಹೆಸರು 30 ದಿನಗಳ ‘ರಿಡೆಂಪ್ಷನ್’ ಹಂತಕ್ಕೆ ಹೋದರೆ ಬಿಡಿಸಿಕೊಳ್ಳಲು ಸಾಮಾನ್ಯ ದರಕ್ಕಿಂತ ಬಹಳ ಹೆಚ್ಚು ತೆರಬೇಕಾಗುತ್ತದೆ, ಆ ಹಂತವೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು.

ಈಗ ಡೊಮೈನನ್ನು ಒಂದು ಕಡೆ, ನಮ್ಮದೇ ಇಮೇಲ್‌ನಲ್ಲಿ ಇಟ್ಟಿದ್ದೇವೆ. ಹೋಸ್ಟಿಂಗ್ ಬೇರೊಂದು ಕಡೆ. ಕೊಳ್ಳುವ ಮೊದಲು ನವೀಕರಣದ ದರ, ಐನೋಡ್ ಮಿತಿ ಮತ್ತು ಬ್ಯಾಕಪ್ಪಿನ ಷರತ್ತನ್ನು ಲಿಖಿತವಾಗಿ ಕೇಳಿದೆ. ಉತ್ತರಿಸಲು ತಡವರಿಸಿದ ಇಬ್ಬರನ್ನು ಅಲ್ಲಿಗೇ ಬಿಟ್ಟೆ. ಪ್ರತಿ ಭಾನುವಾರ ಡೇಟಾಬೇಸ್ ಇಳಿಸಿಕೊಂಡು, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಒಂದೆರಡು ಕನ್ನಡ ಸಾಲು ಓದಲು ಬರುತ್ತದೆಯೇ ಎಂದು ನೋಡುತ್ತೇನೆ, ಏಕೆಂದರೆ ತೆರೆದು ನೋಡದ ಬ್ಯಾಕಪ್ಪಿನಲ್ಲೂ ಇದೇ ಪ್ರಶ್ನೆಚಿಹ್ನೆಗಳು ಇರಬಹುದು. ಆ ಪ್ರತಿ ಹೋಸ್ಟಿಂಗ್‌ನವರ ಕಟ್ಟಡದಲ್ಲಿಯೇ ಇರಕೂಡದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ದೊಡ್ಡ ಹೋಸ್ಟಿಂಗ್ ಕೇಂದ್ರ ಬೆಂಕಿಗೆ ಆಹುತಿಯಾದಾಗ, ಬ್ಯಾಕಪ್ಪೂ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಒಟ್ಟಿಗೆ ಕಳೆದುಕೊಂಡರು.

ನಮ್ಮ ಬರಹಗಳಲ್ಲಿ ಹಿಂದೆ ಪತ್ರಿಕೆಯಲ್ಲಿ ಅಚ್ಚಾದವನ್ನು ಪ್ರೆಸ್ಸಿನವರ ಹಳೆಯ ಪೇಜ್‌ಮೇಕರ್ (ಪುಟವಿನ್ಯಾಸದ ತಂತ್ರಾಂಶ) ಕಡತಗಳಿಂದ ತೆಗೆದು, ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡ್‌ಗೆ ಮಾರ್ಪಡಿಸಿ, ಅರ್ಕಾವತ್ತುಗಳನ್ನು ಕೈಯಾರೆ ತಿದ್ದಿ ಮತ್ತೆ ಏರಿಸಿದೆವು. ಇನ್ನಷ್ಟು ಬರಹಗಳು, ಜಾಲತಾಣಗಳ ಹಳೆಯ ಪ್ರತಿಗಳನ್ನು ಕಾಯ್ದಿಡುವ ವೇಬ್ಯಾಕ್ ಮೆಷೀನ್‌ನಲ್ಲಿ ಸಿಕ್ಕಿದವು. ತಾಣದಲ್ಲಿಯೇ ನೇರವಾಗಿ ಟೈಪ್ ಮಾಡಿದ್ದ 19 ಸಂದರ್ಶನಗಳು ಎಲ್ಲಿಯೂ ಸಿಗಲಿಲ್ಲ. ಮಾತಾಡಿಸಿ ಬರೆದುಕೊಂಡಿದ್ದ ಕಲಾವಿದರಲ್ಲಿ ನಾಲ್ವರು ಈಗಿಲ್ಲ; ಆ ಭಾಗವತರೂ ಅವರಲ್ಲೊಬ್ಬರು.